ಸಹಾಯ ಬೇಕು: ಶಾಲೆ ಬದಲಾದರೆ ಖೋ ಖೋ ಆಡೋ ಹಾಗಿಲ್ವಾ?

ಗ್ರೂಪಿನಲ್ಲಿ ಪಿಟಿ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಹೊಸನಗರ ಕಡೆಯ ಶಾಲೆ ಪರವಾಗಿ ಹೋಬಳಿ ಮಟ್ಟದಲ್ಲಿ ಖೋ ಖೋ ಆಡಿದ್ದಳು, ಆಮೇಲೆ ಭಾವನ ಕೆಲಸ ಬದಲಾಗಿ ಟಿಸಿ ತಗೊಂಡು ತೀರ್ಥಹಳ್ಳಿ ಕಡೆ ಸೇರಿಸಿದ್ದೇವೆ. ವಯಸ್ಸಿನ ತೊಂದರೆ ಇಲ್ಲ, 17ರ ಒಳಗಿನ ವಿಭಾಗಕ್ಕೆ ಆರಾಮಾಗಿ ಬರುತ್ತಾಳೆ. ಆದರೆ ಹೊಸ ಶಾಲೆಯ ಮೇಷ್ಟ್ರು, ಬೇರೆ ಟೀಮಿನವರು ತಕರಾರು ತೆಗೆದರೆ ನಮ್ಮ ಇಡೀ ಟೀಮೇ ಔಟು, ಈ ವರ್ಷ ಬೇಡ ಅನ್ನುತ್ತಾರೆ. ಹೆಡ್‌ಮೇಷ್ಟ್ರು ಬಿಇಒ ಆಫೀಸಿಗೆ ಕಳಿಸಿದರು. ಅಲ್ಲಿ ದೈಹಿಕ ಶಿಕ್ಷಣ ಪರಿವೀಕ್ಷಕರು ಸಿಗಲೇ ಇಲ್ಲ. ಹುಡುಗಿ ಮಾತ್ರ ಈ ಮಳೆಯಲ್ಲೂ ಪ್ರಾಕ್ಟೀಸ್ ಬಿಟ್ಟಿಲ್ಲ!

ಒಂದು ಶಾಲೆಗೆ ಹೋಬಳಿ ಮಟ್ಟದಲ್ಲಿ ಆಡಿದವಳು ಅದೇ ವರ್ಷ ಇನ್ನೊಂದು ಶಾಲೆಗೆ ತಾಲ್ಲೂಕು ಮಟ್ಟದಲ್ಲಿ ಆಡಬಹುದಾ? ಇಲಾಖೆಯ ಸುತ್ತೋಲೆ ಏನಾದರೂ ಇದ್ದರೆ ಫೋಟೋ ಹಾಕುತ್ತೀರಾ?