'ಪಂಚ್ ಮಾಡೋದು' ಅಂದರೆ ಏನನ್ನು?

ಪ್ರಶ್ನೆ:
ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಬೆರಳು ಇಟ್ಟರೆ ಮಿಷನ್ನು ಕುಂಯ್ ಅನ್ನುತ್ತದೆ, ಅಷ್ಟೇ. ಆದರೂ ಎಲ್ಲರೂ 'ಪಂಚ್ ಮಾಡಿದ್ರಾ?' ಅಂತಲೇ ಕೇಳುತ್ತಾರೆ. ಗುದ್ದುವುದೂ ಇಲ್ಲ, ತೂತು ಹೊಡೆಯುವುದೂ ಇಲ್ಲ. ಈ ಮಾತು ಎಲ್ಲಿಂದ ಬಂತು?

ಉತ್ತರ 1:
ಹಳೇ ಹಾಜರಿ ಗಡಿಯಾರದಿಂದ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಲ್ಲಿ ಒಡವೆ ಅಂಗಡಿ ಇಟ್ಟಿದ್ದ ವಿಲ್ಲರ್ಡ್ ಬಂಡಿ 1888ರಲ್ಲಿ ಅಂಥ ಒಂದು ಗಡಿಯಾರ ತಯಾರಿಸಿದರು, 1890ರಲ್ಲಿ ಪೇಟೆಂಟ್ ಸಿಕ್ಕಿತು. ಆಗ ಕಾರ್ಡೇ ಇರಲಿಲ್ಲ. ಒಬ್ಬೊಬ್ಬರಿಗೂ ಒಂದು ನಂಬರಿನ ಕೀಲಿಕೈ, ಅದನ್ನು ಹಾಕಿ ತಿರುಗಿಸಿದರೆ ಒಳಗಿನ ಕಾಗದದ ಪಟ್ಟಿಯ ಮೇಲೆ ಆ ನಂಬರು, ಟೈಮು ಎರಡೂ ಅಚ್ಚಾಗುತ್ತಿದ್ದವು. ಕಾರ್ಡಿನ ಗಡಿಯಾರ 1894ರಲ್ಲಿ ಡೇನಿಯಲ್ ಕೂಪರ್ ಅವರಿಂದ ಬಂತು. ಅಂದಹಾಗೆ, ಬಂಡಿ ಕಂಪನಿಯ ಈ ವ್ಯಾಪಾರ ಬೇರೆ ಕಂಪನಿಗಳ ಜೊತೆ ಸೇರುತ್ತಾ ಹೋಗಿ 1924ರಲ್ಲಿ ಐಬಿಎಂ ಅನ್ನೋ ಹೆಸರಿನ ಕೆಳಗೆ ಬಂತು!

ಉತ್ತರ 2:
ನಾನು ಕಾರ್ಡ್ ಕಾಲದವನು. ಗೇಟಿನ ಪಕ್ಕದ ಗೂಡಿನಿಂದ ನಮ್ಮ ಕಾರ್ಡ್ ತೆಗೆದು ಸೀಳಿಗೆ ಇಳಿಸಿದರೆ 'ಟಕ್'. ತೂತು ಬೀಳಲ್ಲ, ಟೈಮು ಅಚ್ಚಾಗುತ್ತೆ. ಹೀಗೆ ಕಾರ್ಡ್ ಹಾಕೋದನ್ನೇ 'ಪಂಚ್ ಮಾಡೋದು' ಅನ್ನುತ್ತಿದ್ದೆವು. ಒಂದು ನಿಮಿಷ ತಡವಾದರೂ ಕೆಂಪು ಶಾಯಿ, ಕೆಂಪು ಜಾಸ್ತಿಯಾದರೆ ಸಂಬಳಕ್ಕೆ ಕತ್ತರಿ. ಅದಕ್ಕೇ ಒಬ್ಬರ ಕಾರ್ಡ್ ಇನ್ನೊಬ್ಬರು ಹಾಕುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ.

ಪ್ರಶ್ನೆ ಕೇಳಿದವರು:
ಓಹೋ, ನಿಮ್ಮಂಥವರಿಂದಲೇ ಅಲ್ವಾ ಸಾರ್ ಈಗ ನಮ್ಮ ಬೆರಳು ಕೇಳೋದು 😄