ಸಹಾಯ ಬೇಕು: ಗದ್ದೆ ಮಣ್ಣಿನ ನೀರಲ್ಲಿ ಆರ್ಸೆನಿಕ್ ಸರಿಯಾಗಿ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಹಟ್ಟಿ ಕಡೆಯ ಮಣ್ಣು ತಂದು ಕುಂಡಗಳಲ್ಲಿ ಭತ್ತ ಹಾಕಿದ್ದೇನೆ. ಅಲ್ಲಿನ ಚಿನ್ನದ ಅದಿರಿನ ಜೊತೆ ಆರ್ಸೆನೊಪೈರೈಟ್ (ವಿಷಕಾರಿ ಆರ್ಸೆನಿಕ್ ಇರುವ ಖನಿಜ) ಇರುತ್ತದೆ, ಅದಕ್ಕೇ ಈ ಚಿಂತೆ. ಒಣ ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ನೀರು ನಿಲ್ಲಿಸಿದರೆ ಆಮ್ಲಜನಕ ಮುಗಿಯುತ್ತದೆ. ಆಗ ಬ್ಯಾಕ್ಟೀರಿಯಾಗಳು ಆ ತುಕ್ಕನ್ನೇ ಬಳಸಿ ಉಸಿರಾಡುತ್ತವೆ. ಕಬ್ಬಿಣ ಕರಗುತ್ತದೆ, ಜೊತೆಗೆ ಆರ್ಸೆನಿಕ್ಕೂ ನೀರಿಗೆ ಬರುತ್ತದೆ, ಜಾಸ್ತಿ ಭಾಗ ಆರ್ಸೆನೈಟ್ (ಆಮ್ಲಜನಕ ಇಲ್ಲದ ಕಡೆ ಹೆಚ್ಚಾಗಿರುವ ಆರ್ಸೆನಿಕ್) ರೂಪದಲ್ಲಿ. ಭತ್ತದ ಬೇರು ಅದನ್ನು ಸಿಲಿಕಾನ್ ಹೀರುವ ದಾರಿಯಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ.

ನನ್ನ ತೊಂದರೆ ಇದು. 3 ವಾರ ನೀರು ನಿಲ್ಲಿಸಿ ಬೇರಿನ ಹತ್ತಿರದಿಂದ ತೆಗೆದ ನೀರು ತಿಳಿಯಾಗಿರುತ್ತದೆ. ಲ್ಯಾಬ್ ಮುಟ್ಟುವಷ್ಟರಲ್ಲಿ ಬಾಟಲಿಯ ತಳದಲ್ಲಿ ಕಿತ್ತಳೆ ಬಣ್ಣದ ಗಸಿ. ಗಾಳಿ ತಗುಲಿ ಕಬ್ಬಿಣ ಮತ್ತೆ ತುಕ್ಕಾಗಿ, ಆರ್ಸೆನಿಕ್ಕನ್ನೂ ಎಳೆದುಕೊಂಡಿದೆ ಅಲ್ವಾ? ಹಾಗಾದರೆ ನನ್ನ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಜನ ಉಣ್ಣುವ ಅನ್ನದ ವಿಷಯ, ತಪ್ಪು ಅಂಕಿ ಕೊಡಲು ನನಗೆ ಮನಸ್ಸಿಲ್ಲ.

0.45 ಮೈಕ್ರಾನ್ ಫಿಲ್ಟರ್ ಇದೆ. ಕಬ್ಬಿಣ ನೀರಲ್ಲಿ ಕರಗಿಯೇ ಇರಲಿ ಅಂತ ಕುಂಡದ ಪಕ್ಕದಲ್ಲೇ ಸೋಸಿ ಕೂಡಲೇ ನೈಟ್ರಿಕ್ ಆಮ್ಲ ಹಾಕಿದರೆ ಸಾಕಾ? ಆರ್ಸೆನೈಟ್, ಆರ್ಸೆನೇಟ್ (ಗಾಳಿ ಆಡುವ ಕಡೆ ಹೆಚ್ಚಾಗಿರುವ ರೂಪ) ಬೇರೆ ಬೇರೆಯಾಗಿ ಅಳೆಯಬೇಕಾದರೆ ಇಡಿಟಿಎ (ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕ) ಹಾಕಿ ಕತ್ತಲಲ್ಲಿ, ತಂಪಲ್ಲಿ ಇಡಬೇಕಾ? ಈ ಕೆಲಸ ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ. ಮುಂದಿನ ಸ್ಯಾಂಪಲ್ ಸೋಮವಾರ ತೆಗೆಯಬೇಕು.