ಸಹಾಯ ಬೇಕು: ಓದಿದ ಇಂಗ್ಲಿಷ್ ಪದಗಳು ಬಾಯಿಗೆ ಬರೋಕೆ ಏನು ಮಾಡಬೇಕು?

ನಮಸ್ಕಾರ, ನಾವು ಹಾಸನದವರು. ತಂಗಿ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಪೈಲಟ್ ಆಗಬೇಕಂತೆ. ಹಾಸನ ವಿಮಾನ ನಿಲ್ದಾಣದ ಜಾಗವಾದ ಬೂವನಹಳ್ಳಿ ಕಡೆ ಹೋದರೆ ಸಾಕು, ವಿಮಾನದ್ದೇ ಮಾತು! ಪೈಲಟ್‌ಗಳ ಇಂಗ್ಲಿಷ್ ಪರೀಕ್ಷೆಯಲ್ಲಿ 6 ಹಂತಗಳಿವೆ, ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ 4ನೇ ಹಂತ ಬೇಕು. ಹಾಗಾಗಿ ಈಗಲೇ ಶುರು ಮಾಡಿದ್ದೇವೆ.

ವಿಮಾನದ ಕೆಲಸಗಳು, ಸುಸ್ಥಿರ ನಗರಗಳು, ಈ ಎರಡರ ಪಾಠ ಓದುತ್ತಿದ್ದಾಳೆ. ಬ್ರೆಜಿಲ್‌ನ ಕುರಿಟಿಬಾ ನಗರದ ಬಸ್, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನ ಸೈಕಲ್ ದಾರಿ ಎಲ್ಲ ಅರ್ಥವಾಗುತ್ತದೆ. ಆದರೆ ‘ಎಮಿಷನ್’, ‘ರಿನ್ಯೂವಬಲ್’, ‘ಕ್ಲಿಯರೆನ್ಸ್’ ಥರದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಬರೆದರೂ ಸ್ವಂತ ವಾಕ್ಯದಲ್ಲಿ ಬಳಸೋಕೆ ಆಗುತ್ತಿಲ್ಲ. ಸುಮ್ನೆ ಉರು ಹೊಡೆಯೋದೇ ಜಾಸ್ತಿ.

ಆಡಿಯೋ ಜೊತೆಗಿರುವ ಸರಳ ಪಾಠಗಳು ಎಲ್ಲಿ ಸಿಗುತ್ತವೆ? ಹಾಸನದಲ್ಲೇ ವಾರಕ್ಕೊಮ್ಮೆ ಅವಳ ಜೊತೆ ಇಂಗ್ಲಿಷ್ ಮಾತಾಡುವ ಅಕ್ಕಂದಿರು, ಮೇಡಂಗಳು ಯಾರಾದರೂ ಇದ್ದೀರಾ? ದುಬಾರಿ ಕೋಚಿಂಗ್ ಬೇಡ. ಹೊಸ ಆಪ್‌ಗಳೂ ಬೇಡ, ಫೋನ್ ತುಂಬಿದೆ.